ಅನ್ವಯಿಸದ್ದನ್ನು ಹೊಡೆದುಹಾಕಿ

"ಇನ್ನ ಎಷ್ಟ ದೂರ ಐತಿ?" ಎಂದು ವೀರಣ್ಣ ಸರ್ ಕನ್ನಡಿಯಲ್ಲೇ ನೋಡಿ ಕೇಳಿದಾಗ, ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಸಿದ್ಧಿ ಕಿಟಕಿಯಾಚೆ ನೋಡಿದಳು. ದೂರ ಹೇಳಬೇಕಾದರೆ ಆ ಮನೆ ಎಲ್ಲಾದರೂ ಇರಬೇಕಲ್ಲ.

"ಇಲ್ಲೆ, ಮುಂದ ಐತ್ರಿ ಸರ್."

ಜೀಪು ಬೀಳಗಿ ದಾಟಿ, ಡಾಂಬರು ಬಿಟ್ಟು, ಕರಿಮಣ್ಣಿನ ಹಾದಿಗೆ ಇಳಿದು ಹತ್ತು ನಿಮಿಷವಾಗಿತ್ತು. ಮಾರ್ಚ್ ತಿಂಗಳ ಮಧ್ಯಾಹ್ನ. ದೂರದಲ್ಲಿ ಕೃಷ್ಣೆಯ ಹಿನ್ನೀರು ಬೆಳ್ಳಗೆ ಒಂದು ಪಟ್ಟಿಯಾಗಿ ಕಾಣುತ್ತಿತ್ತು. ಸ್ಟೇರಿಂಗ್ ಹಿಡಿದವರು ವೀರಣ್ಣ ಸರ್, ದನಗಳ ನಿರ್ವಹಣೆ ಕಲಿಸುವವರು. ಪಕ್ಕದಲ್ಲಿ ಇಂಗ್ಲಿಷ್ ಕಲಿಸುವ ಸಂಧ್ಯಾ ಮೇಡಂ. ಹಿಂದೆ ಸಿದ್ಧಿ ಒಬ್ಬಳೇ, ತೊಡೆಯ ಮೇಲೆ ಹತ್ತು ಹಾಳೆಗಳ ಫೈಲು ಇಟ್ಟುಕೊಂಡು, ಅದರ ಮೇಲೆ ಎರಡೂ ಕೈ ಒತ್ತಿಕೊಂಡು ಕೂತಿದ್ದಳು.

ಪಶುವೈದ್ಯ ಕಾಲೇಜು ಸೇರಿದ ಹೊಸ ಮಕ್ಕಳಿಗೆ ಮೊದಲ ಆರು ತಿಂಗಳು ಮೂರು ವಿಷಯಗಳ ಅಡಿಪಾಯ ಹಾಕುತ್ತಿದ್ದರು. ದನದ ಮೈ ಮುಟ್ಟುವುದು ಹೇಗೆ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ತಪ್ಪಿಲ್ಲದೆ ಬರೆಯುವುದು ಹೇಗೆ, ಮತ್ತು ಸಂಶೋಧನೆ ಎಂದರೇನು. ಮೂರೂ ಒಟ್ಟಿಗೆ ಬರಲಿ ಎಂದು ಒಂದು ಫಾರಂ ಮಾಡಿದ್ದರು. ಪ್ರತಿಯೊಬ್ಬರೂ ಹತ್ತು ಮನೆಗೆ ಹೋಗಬೇಕು, ದನ ಎಣಿಸಬೇಕು, ಒಂದು ದನದ ಜ್ವರ ನೋಡಬೇಕು, ಕರು ಹೇಗಿದೆ ಕೇಳಬೇಕು, ಎಲ್ಲವನ್ನೂ ಇಂಗ್ಲಿಷ್ ಫಾರಂನಲ್ಲಿ ತುಂಬಬೇಕು. ಆಮೇಲೆ ವೀರಣ್ಣ ಸರ್ ಒಬ್ಬೊಬ್ಬರ ಫೈಲಿನಿಂದ ಒಂದು ಹಾಳೆ ಎಳೆದು ಆ ಮನೆಗೇ ಹೋಗಿ ಪರೀಕ್ಷಿಸುತ್ತಿದ್ದರು. ಸುಳ್ಳು ಬರೆದವರಿಗೆ ಪರೀಕ್ಷೆಗೆ ಕೂರಲು ಬಿಡುತ್ತಿರಲಿಲ್ಲ. ಹಿಂದಿನ ವರ್ಷ ಒಬ್ಬ ಹಾಸ್ಟೆಲಿನಲ್ಲಿ ಕೂತು ಹತ್ತೂ ಮನೆ ಬರೆದು ಸಿಕ್ಕಿಬಿದ್ದು ಆರು ತಿಂಗಳು ಮನೆಯಲ್ಲಿ ಮಜ್ಜಿಗೆ ಕಡೆದು ಬಂದಿದ್ದ. ಸಿದ್ಧಿಯ ಫೈಲಿನಲ್ಲಿ ಒಂಬತ್ತು ಮನೆ ಖರೆ ಇದ್ದವು. ಒಂದೇ ಒಂದು ಸುಳ್ಳು. ಸರ್ ಕೈ ನೇರವಾಗಿ ಅದಕ್ಕೇ ಹೋಗಿತ್ತು.

"ಹಳೇ ಗೋಗಿಹಾಳ! ಅಲ್ಲಿ ಇನ್ನೂ ಮಂದಿ ಅದಾರಾ? ನೋಡೂಣು ನಡಿ" ಎಂದಿದ್ದರು.

ಸಿದ್ಧಿ ಬನಹಟ್ಟಿಯ ನೂಲಿನ ಅಂಗಡಿಯವರ ಮಗಳು. ಅವಳ ಮನೆಯಲ್ಲಿ ಮಗ್ಗದ ಸದ್ದು ಬಿಟ್ಟರೆ ಬೇರೆ ಜೀವದ ಸದ್ದಿರಲಿಲ್ಲ. ಇರುವೆಗೂ ನೋವಾಗಬಾರದು ಎಂದು ನೆಲ ನೋಡಿಕೊಂಡು ನಡೆಯುವ ಅಜ್ಜಿ ಬಾಳವ್ವ, ಮೊಮ್ಮಗಳಿಗೆ ಪಶುವೈದ್ಯದ ಸೀಟು ಸಿಕ್ಕಾಗ ಊರಿಗೆಲ್ಲ ಪೇಡೆ ಹಂಚಿದ್ದಳು. "ಜೀವಾ ಉಳಸೂ ಕಲಿ ಕಲೀತಾಳ ನನ್ನ ಮಮ್ಮಗಳು." ಆದರೆ ಆ ಮಮ್ಮಗಳಿಗೆ ದನ ಕಂಡರೆ ಹೆದರಿಕೆ. ಮೊದಲ ವಾರ ಎಮ್ಮೆಯ ಬಾಲ ಎತ್ತಲು ಹೇಳಿದಾಗ ಅತ್ತುಬಿಟ್ಟಿದ್ದಳು.

ಹೆದರಿಕೆ ಬಿಡಿಸಿದವಳು ಒಂದನೇ ಮನೆಯ ತಾರವ್ವ. ಮುಧೋಳದ ಹಾದಿಯಲ್ಲಿ ಕಬ್ಬಿನ ತೋಟದ ಮನೆ. ಅಲ್ಲಿ ಹುಟ್ಟಿ ಎರಡು ದಿನವಾಗಿದ್ದ ಕೆಂದು ಕರುವನ್ನು ತಾರವ್ವ ಎತ್ತಿ ಇವಳ ಮಡಿಲಿಗೇ ಹಾಕಿದ್ದಳು. ಕರು ಏಪ್ರನ್ನಿನ ಗುಂಡಿಯನ್ನು ಮೊಲೆ ಎಂದು ತಿಳಿದು ಚೀಪಿತು. ಒದ್ದೆಯಾದ ಆ ಗುಂಡಿಯನ್ನು ಸಿದ್ಧಿ ಅವತ್ತು ಬಸ್ಸಿನುದ್ದಕ್ಕೂ ಮುಟ್ಟಿಕೊಂಡು ಕೂತಿದ್ದಳು. "ನಿನ್ನ ಹೆಸರ ಇಡ್ತೇನಿ ಇದಕ್ಕ. ಸಿದ್ಧಿ" ಎಂದಿದ್ದಳು ತಾರವ್ವ.

ಅಂದು ಫಾರಂ ತುಂಬುವಾಗ ಒಂದು ಕಡೆ ತಡೆದಿತ್ತು. ಕರು ಎಂಬ ಸಾಲಿನ ಮುಂದೆ 'ಅಲೈವ್ / ಡೆಡ್' ಎಂದು ಅಚ್ಚಾಗಿತ್ತು. ಬದುಕಿದೆ, ಸತ್ತಿದೆ. ಕೆಳಗೆ ಇರುವೆಯಂಥ ಅಕ್ಷರದಲ್ಲಿ ಉದ್ದ ಇಂಗ್ಲಿಷ್ ಸಾಲು, 'ಸ್ಟ್ರೈಕ್ ಆಫ್' ಎಂದು ಶುರುವಾಗುತ್ತಿತ್ತು. ಸ್ಟ್ರೈಕ್ ಎಂದರೆ ಗೀಚುವುದು ಎಂದು ಅವಳಿಗೆ ಕಡ್ಡಿಪೆಟ್ಟಿಗೆಯ ಮೇಲೆ ಓದಿ ಗೊತ್ತಿತ್ತು. ಕನ್ನಡ ಸಾಲೆಯಲ್ಲಿ ಸರಿ ಉತ್ತರಕ್ಕೆ ಗೆರೆ ಎಳೆಯಿರಿ ಎನ್ನುತ್ತಿದ್ದರಲ್ಲ, ಹಾಗೇ ಇರಬೇಕು. 'ಅಲೈವ್' ಮೇಲೆ ಸ್ಕೇಲಿಟ್ಟು ಅಚ್ಚುಕಟ್ಟಾಗಿ ಒಂದು ಗೆರೆ ಎಳೆದಳು. ಮುಂದಿನ ಎಂಟು ಮನೆಯ ಕರುಗಳೂ ಚೆನ್ನಾಗಿದ್ದವು. ಎಂಟಕ್ಕೂ ಹಾಗೇ ಎಳೆದಳು.

ಹತ್ತನೇ ಮನೆ ಬೀಳಗಿಯ ಹೊರಗೆ ಸಿಗಬೇಕಾಗಿತ್ತು. ಆ ಮನೆಯ ಬಾಗಿಲಲ್ಲಿ ಮುಧೋಳ ನಾಯಿಯೊಂದು ಸರಪಳಿ ಜಗ್ಗಿ ನಿಂತಿತ್ತು. ಬೊಗಳಲಿಲ್ಲ, ಸುಮ್ಮನೆ ನೋಡಿತು. ಅಷ್ಟಕ್ಕೇ ಸಿದ್ಧಿ ತಿರುಗಿ ಬಸ್ ಸ್ಟ್ಯಾಂಡಿಗೆ ಬಂದು ಕೂತಳು. ಮಾರನೇ ದಿನ ಫಾರಂ ಕೊಡಬೇಕಿತ್ತು. ತನ್ನ ತರಗತಿಯ ಅರಿಹಂತನಿಗೆ ಫೋನು ಮಾಡಿದಳು.

"ಒಂದ ಮನಿ ಅಲ್ಲ? ಬರದ್ ಬಿಡ" ಎಂದ ಅವನು. "ಆದ್ರ ಎಲ್ಲಾ ಛಲೋ ಐತಿ ಅಂತ ಬರೀಬ್ಯಾಡ, ಸರ್‌ಗೆ ಸಂಶೇ ಬರತೈತಿ. ಒಂದ ಎಮ್ಮಿ ಕಣ್ಣ ಕುರುಡ ಮಾಡು. ಒಂದ ಕರ ಸಾಯಿಸು."

ಊರಿನ ಹೆಸರು ಬಸ್ ಸ್ಟ್ಯಾಂಡಿನ ಹಳೇ ಬೋರ್ಡಿನಲ್ಲಿ ಅರ್ಧ ಅಳಿಸಿಹೋಗಿದ್ದದ್ದು, 'ಹಳೇ ಗೋಗಿಹಾಳ'. ಮನೆಯೊಡತಿಯ ಹೆಸರು ಅಲ್ಲೇ ಶೇಂಗಾ ಮಾರುತ್ತಿದ್ದವಳದ್ದು, ಯಲ್ಲವ್ವ. ಮಣ್ಣಿನ ಮನೆ, ಮೂರು ಎಮ್ಮೆ, ಒಂದಕ್ಕೆ ಬಲಗಣ್ಣು ಕುರುಡು, ಅದರ ಜ್ವರ ನೂರಾ ಒಂದು ಪಾಯಿಂಟ್ ಎರಡು. ಕರು ಒಂದು. ಅದನ್ನು ಸಾಯಿಸಬೇಕೆಂದು 'ಡೆಡ್' ಮೇಲೆ ಗೆರೆ ಎಳೆಯುವಾಗ ಅವಳ ಕೈ ಒಂದು ಗಳಿಗೆ ನಿಂತಿತ್ತು. ಇಲ್ಲದ ಕರು ಸತ್ತರೆ ಯಾರಿಗೇನು ಎಂದುಕೊಂಡು ಎಳೆದುಬಿಟ್ಟಳು.

ಈಗ ಹಾದಿಯ ಬದಿಯಲ್ಲಿ ಬಲೆ ಒಣಹಾಕುತ್ತಿದ್ದ ಒಬ್ಬ ಮುದುಕನ ಹತ್ತಿರ ಸರ್ ಜೀಪು ನಿಲ್ಲಿಸಿದರು.

"ಹಳೇ ಗೋಗಿಹಾಳಕ್ಕ ಇದ ದಾರಿ ಏನ್ರಿ?"

ಮುದುಕ ಮೂವರನ್ನೂ ನೋಡಿದ. "ಆ ಊರು ನೀರಾಗ ಹೋಗಿ ಇಪ್ಪತ್ತ ವರ್ಷದ ಮ್ಯಾಲಾತಲ್ರಿ. ಮಂದಿ ಎಲ್ಲಾ ಹೊಸಾ ಊರಿಗೆ ಹ್ವಾದ್ರು."

ಸಿದ್ಧಿ ಫೈಲನ್ನು ಎದೆಗವುಚಿಕೊಂಡಳು. ಸರ್ ನಿಧಾನಕ್ಕೆ ಹಿಂದೆ ತಿರುಗಿ ಅವಳ ಮುಖ ನೋಡಿದರು. ಈಗಲೇ ಹೇಳಿಬಿಡಬೇಕು, ಇನ್ನು ಮುಂದೆ ಹೋದಷ್ಟೂ ಮಾನ ಹೋಗುತ್ತದೆ ಎಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮುದುಕ ಮಾತು ಮುಂದುವರಿಸಿದ.

"ಈಗ ನೀರ ಇಳದೈತಿ ಬಿಡ್ರಿ, ದಾರಿ ಬಿಟ್ಟೈತಿ. ಆ ದಿಬ್ಬದ ಮ್ಯಾಲ ಒಂದ ಮನಿ ನಿಂತೈತಿ. ನಾ ಅಂತೂ ಅತ್ತಾಗ ಹೋಗೂದಿಲ್ಲ."

"ಮನಿ ಐತಂತ" ಎಂದು ಸರ್ ಗೇರು ಹಾಕಿದರು.

ನೀರು ಇಳಿದ ನೆಲ ಬಿರಿದು ಬಿಲ್ಲೆಬಿಲ್ಲೆಯಾಗಿತ್ತು. ಎರಡೂ ಬದಿಗೆ ಮೊಣಕಾಲೆತ್ತರದ ಗೋಡೆಗಳು, ಬಾಗಿಲಿಲ್ಲದ ಹೊಸ್ತಿಲುಗಳು, ಒಂದು ಒರಳುಕಲ್ಲು. ಹಕ್ಕಿಯಿಲ್ಲ, ನಾಯಿಯಿಲ್ಲ. ದಿಬ್ಬದ ಕೆಳಗೆ ಇನ್ನೂ ಕೆಸರಿತ್ತು. ಜೀಪು ನಿಲ್ಲಿಸಿ ಮೂವರೂ ನಡೆದೇ ಹತ್ತಿದರು. ಮೇಲೆ ಒಂದು ಮಣ್ಣಿನ ಮನೆ ಇತ್ತು. ಅದರ ಮುಂದೆ ಮೂರು ಎಮ್ಮೆ ಕಟ್ಟಿದ್ದವು.

ಸಿದ್ಧಿ ಎಣಿಸಿದಳು. ಮತ್ತೆ ಎಣಿಸಿದಳು. ಮೂರೇ.

ಒಳಗಿನಿಂದ ಒಬ್ಬ ಮುದುಕಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಹಣೆ ತುಂಬ ಅರಿಶಿನದ ಭಂಡಾರ. ಸೀದಾ ಸಿದ್ಧಿಯ ಮುಂದೆ ಬಂದು ನಿಂತು ಗದ್ದ ಮುಟ್ಟಿದಳು. ಬೆರಳು ತಣ್ಣಗಿದ್ದವು.

"ಬಂದ್ಯಾ ತಂಗಿ? ಬರದ್ ಹೋದಾಕಿ ಮತ್ತ ಬರ್ತಾಳೋ ಇಲ್ಲೋ ಅಂದಿದ್ದೆ."

"ನಿಮ್ಮ ಹೆಸರೇನ್ರಿ ಅವ್ವ?" ಸರ್ ಫಾರಂ ಹಿಡಿದು ಕೇಳಿದರು.

"ಆಕಿನ ಬರದಾಳಲ್ರಿ. ಯಲ್ಲವ್ವ."

ಈ ಸೀಮೆಯಲ್ಲಿ ಕಲ್ಲು ಒಗೆದರೆ ಒಬ್ಬ ಯಲ್ಲವ್ವನಿಗೆ ಬೀಳುತ್ತದೆ, ಎಮ್ಮೆ ಇಲ್ಲದ ಮನೆಯಿಲ್ಲ, ಬಿಳಿ ಏಪ್ರನ್ ಹಾಕಿದ ಹುಡುಗಿಯರೆಲ್ಲ ಮುದುಕಿಯ ಕಣ್ಣಿಗೆ ಒಂದೇ ಥರ. ಯಾರೋ ಬೇರೆಯವಳು ಬಂದು ಹೋಗಿರಬೇಕು. ಸಿದ್ಧಿ ಹೀಗೆ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಬೆನ್ನು ಬೆವರಿತು.

"ನೀರ ಇಳಿದ ಮ್ಯಾಲ ಮೇವಿಗೆ ಬರ್ತಾರ ಇವರು, ಮಳಿ ಬಂದ ಮ್ಯಾಲ ಹೋಗ್ತಾರ" ಎಂದು ಸರ್ ಮೇಡಂಗೆ ವಿವರಿಸಿದರು. ಮೇಡಂ ತಲೆಯಾಡಿಸುತ್ತ ಗೋಡೆ ನೋಡುತ್ತಿದ್ದರು. ಬಾಗಿಲ ಚೌಕಟ್ಟಿನ ಮೇಲಿನವರೆಗೂ ಗೋಡೆಗೆ ಸಣ್ಣ ಸಣ್ಣ ಬಸವನಹುಳದ ಚಿಪ್ಪು ಅಂಟಿದ್ದವು. ಒಳಗೆ ಒಲೆಯ ಕಲ್ಲಿಗೂ ಅಂಟಿದ್ದವು.

"ಸಿದ್ಧಿ, ಆ ಕುರುಡ ಎಮ್ಮಿ ಜ್ವರಾ ನೋಡಿ ತೋರಸು. ಮುಟ್ಟೂದು ಕಲತೀಯಿಲ್ಲೋ ನೋಡತೇನಿ."

ಸಿದ್ಧಿ ಥರ್ಮಾಮೀಟರ್ ಕೊಡವಿಕೊಂಡು ಹೋದಳು.

"ಆ ಬಾಜು ಹೋಗಬ್ಯಾಡ ಬೇ, ಬಲಗಣ್ಣ ಕಾಣೂದಿಲ್ಲ ಅದಕ್ಕ" ಎಂದಳು ಯಲ್ಲವ್ವ ಹಿಂದಿನಿಂದ. "ನೀನ ಕುರುಡ ಮಾಡಿ, ನೀನ ಮರತ್ಯಾ?"

ಸರ್ ನಕ್ಕರು. ಮುದುಕಿಯ ಮಾತು ಹಾಗೆಯೇ ಎಂದುಕೊಂಡರೇನೋ. ಸಿದ್ಧಿ ಎಡಗಡೆಯಿಂದ ಹೋಗಿ, ಕಲಿಸಿದ ಹಾಗೆ "ಹೋ... ಹೋ..." ಎನ್ನುತ್ತ ಎಮ್ಮೆಯ ಸೊಂಟದ ಮೇಲೆ ಕೈಯಿಟ್ಟಳು. ಹಂಚು ಕಾಯುವಂಥ ಆ ಬಿಸಿಲಿನಲ್ಲಿ ಅದರ ಚರ್ಮ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಬಾಲ ಎತ್ತಿ ಥರ್ಮಾಮೀಟರ್ ಇಟ್ಟು ಒಂದು ನಿಮಿಷ ಕಾದಳು. ಎಮ್ಮೆ ಕದಲಲಿಲ್ಲ. ಕುರುಡಲ್ಲದ ಕಣ್ಣಿನಿಂದ ಅವಳನ್ನೇ ನೋಡುತ್ತಿತ್ತು. ಬೇಡುವವರ ಕಣ್ಣು ಹಾಗಿರುತ್ತದೆ.

ಸರ್ ಥರ್ಮಾಮೀಟರ್ ಇಸಿದುಕೊಂಡು ಬಿಸಿಲಿಗೆ ಹಿಡಿದರು. "ನೂರಾ ಒಂದು ಪಾಯಿಂಟ್ ಎರಡು! ಅವತ್ತೂ ಇದ, ಇವತ್ತೂ ಇದ. ಶಾಬಾಸ್."

ಸಿದ್ಧಿಗೆ ಅಳು ಬಂತು. ಸಿಕ್ಕಿಬಿದ್ದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಒಂದಾದರೂ ತಪ್ಪಾಗಲಿ ದೇವರೇ ಎಂದು ಅವಳು ಬೇಡಿಕೊಳ್ಳುತ್ತಿರುವಾಗಲೇ ಮೇವು ಹಾಕುವ ಗ್ವಾದಲಿಯ ಹಿಂದಿನಿಂದ ಒಂದು ಕರು ಎದ್ದು ಬಂತು. ಕರ್ರಗೆ, ಎಣ್ಣೆ ಸವರಿದ ಹಾಗೆ ಮಿಂಚುತ್ತ. ಸಿದ್ಧಿಗೆ ಒಮ್ಮೆ ಉಸಿರು ಸಲೀಸಾಯಿತು. ಇದೊಂದು ತಾಳೆಯಾಗುವುದಿಲ್ಲ. ಫಾರಂನಲ್ಲಿ ಈ ಕರು ಸತ್ತಿದೆ.

"ಕರ ಒಂದು" ಎಂದು ಸರ್ ಹಾಳೆಯ ಮೇಲೆ ಬೆರಳು ಓಡಿಸಿದರು. "ಡೆಡ್‌ಗೆ ಕಾಟು ಹೊಡದೀದಿ. ಅಂದ್ರ ಜೀವಂತ ಐತಿ. ಕರೆಕ್ಟ್."

"ಡೆಡ್‌ಗೆ... ಕಾಟು ಅಂದ್ರ?" ಸಿದ್ಧಿಯ ದನಿ ಅವಳಿಗೇ ಕೇಳಿಸಲಿಲ್ಲ.

"ಅಲ್ಲ, ಕೆಳಗ ಬರದಾರಲ್ಲ? ಯಾವುದು ಅನ್ವಯ ಆಗೂದಿಲ್ಲ ಅದನ್ನ ಹೊಡದ್ ಹಾಕ್ರಿ ಅಂತ. ಸತ್ತಿಲ್ಲ, ಅದಕ್ಕ 'ಡೆಡ್' ಹೊಡದ್ ಹಾಕೀದಿ. ಸರಿ ಐತಿ."

ಮನೆ, ಮುದುಕಿ, ಎಮ್ಮೆ ಎಲ್ಲ ಅವಳು ಬರೆದ ಹಾಗೆ ಇದ್ದವು. ಕರು ಮಾತ್ರ ಅವಳು ಅಂದುಕೊಂಡ ಹಾಗಿರಲಿಲ್ಲ, ಹಾಳೆಯಲ್ಲಿ ಬಿದ್ದ ಗೆರೆಯ ಹಾಗಿತ್ತು. ಸಿದ್ಧಿ ಕಣ್ಣು ಮುಚ್ಚಿದಳು. ಸ್ಕೇಲಿಟ್ಟು ಅಚ್ಚುಕಟ್ಟಾಗಿ ಎಳೆದ ಒಂಬತ್ತು ಗೆರೆಗಳು ಕಂಡವು. ಒಂಬತ್ತೂ 'ಅಲೈವ್' ಮೇಲೆ. ಮೊದಲನೆಯದು ತಾರವ್ವನ ಮನೆಯ ಕೆಂದು ಕರು.

ಯಲ್ಲವ್ವ ಹಿತ್ತಾಳೆ ಲೋಟಗಳಲ್ಲಿ ಮಜ್ಜಿಗೆ ತಂದಳು. ಸರ್, ಮೇಡಂ ಕುಡಿದರು. ಸಿದ್ಧಿಯ ಲೋಟ ಕೈಯಲ್ಲೇ ಉಳಿಯಿತು. ಮುದುಕಿ ಅವಳ ಪಕ್ಕಕ್ಕೆ ಬಂದು, ಇಬ್ಬರಿಗೆ ಮಾತ್ರ ಕೇಳುವ ಹಾಗೆ ಮಾತಾಡಿದಳು.

"ಹೊಸಾ ಊರಿನ ಯಾದ್ಯಾಗ ನನ್ನ ಹೆಸರಿಗೆ ಕಾಟು ಹೊಡದ್ರು ತಂಗಿ. ರೇಶನ್ ಯಾದ್ಯಾಗ ಹೊಡದ್ರು, ವೋಟಿನ ಯಾದ್ಯಾಗ ಹೊಡದ್ರು. ಇಷ್ಟ ವರ್ಷದಾಗ ನನ್ನ ಹೆಸರ ಬರದಾಕಿ ನೀ ಒಬ್ಬಾಕಿ. ಬರದಿ, ಬಂದೆ. ಮತ್ತ ಹೊಡಿಬ್ಯಾಡ ಯವ್ವಾ."

ಸಿದ್ಧಿ ಲೋಟ ಕೆಳಗಿಟ್ಟು ದಿಬ್ಬ ಇಳಿದಳು. ಕೆಸರಿನಲ್ಲಿ ಎರಡು ಸಲ ಜಾರಿದಳು.

ಜೀಪು ಡಾಂಬರಿಗೆ ಹತ್ತಿದ ಮೇಲೆ ಮೇಡಂ ಫೈಲು ಇಸಿದುಕೊಂಡು ಉಳಿದ ಹಾಳೆಗಳನ್ನು ತಿರುವಿದರು. ಎರಡು ನೋಡಿದರು, ಮೂರು ನೋಡಿದರು, ನಾಲ್ಕನೆಯದಕ್ಕೆ ನಗು ಬಂದು, ನಗುತ್ತಲೇ ಒಂಬತ್ತೂ ಮುಗಿಸಿದರು. "ಇದೇನ ಸಿದ್ಧಿ, ಒಂಬತ್ತೂ ಮನಿ ಕರಾ ಕೊಂದು ಹಾಕೀದಿ? ಯಾವ ರೋಗ ಬಂದಿತ್ತ?"

ವೀರಣ್ಣ ಸರ್ ಕೂಡ ಸ್ಟೇರಿಂಗ್ ತಟ್ಟಿ ನಕ್ಕರು.

"ಅಂಜಬ್ಯಾಡ" ಎಂದರು ಮೇಡಂ, ಅವಳ ಮುಖ ನೋಡಿ ನಗು ನಿಲ್ಲಿಸಿ. "ನಾನೂ ಕನ್ನಡ ಮೀಡಿಯಂನಾಕಿನ. ಕಾಲೇಜ ಫಾರಂನ್ಯಾಗ 'ಮಿಸ್ಟರ್' ಉಳಿಸಿ 'ಮಿಸ್' ಹೊಡದಿದ್ದೆ. ವರ್ಷಾನಗಟ್ಟಲೆ ಮಿಸ್ಟರ್ ಸಂಧ್ಯಾ ಅಂತ ಪತ್ರ ಬರ್ತಿದ್ದುವು. ತಿದ್ದಿದ್ರ ಆತು."

"ಪೆನ್ನ ಕೊಡ್ರಿ ಮೇಡಂ."

"ಕಾಲೇಜಿಗೆ ಹೋಗಿ ತಿದ್ದುವಿಯಂತ."

"ಈಗ ಕೊಡ್ರಿ!" ಎಂದು ಕೂಗಿಯೇಬಿಟ್ಟಳು ಸಿದ್ಧಿ. ಎಂದೂ ದನಿ ಏರಿಸದ ಹುಡುಗಿ. ಮೇಡಂ ಪೆನ್ನು ಕೊಟ್ಟರು. "ತಿದ್ದಿದಲ್ಲಿ ಸಹಿ ಮಾಡಿ ಟೈಮ್ ಹಾಕಬೇಕು" ಎಂದಷ್ಟೇ ಹೇಳಿದರು.

ಕುಲುಕುವ ಜೀಪಿನಲ್ಲಿ, ತೊಡೆಯ ಮೇಲೆ, ಸಿದ್ಧಿ ಒಂದನೇ ಹಾಳೆ ಇಟ್ಟುಕೊಂಡಳು. ಹೊಡೆದುಹಾಕಿದ್ದ ಪದದ ಮೇಲೆ 'ಅಲೈವ್' ಎಂದು ದೊಡ್ಡದಾಗಿ ಬರೆದಳು. 'ಡೆಡ್' ಎಂಬುದನ್ನು ಹಾಳೆ ಹರಿಯುವ ಹಾಗೆ ಗೀಚಿದಳು. ಸಹಿ ಮಾಡಿ ಗಡಿಯಾರ ನೋಡಿದಳು. ನಾಲ್ಕು ನಲವತ್ತು. ಆಮೇಲೆ ಎರಡು, ಮೂರು, ಹೀಗೆ ಒಂಬತ್ತೂ ತಿದ್ದಿ ಮುಗಿಸಿದಳು. ಹತ್ತನೆಯದನ್ನು ಮುಟ್ಟಲಿಲ್ಲ.

"ಸರ್, ತಾರವ್ವನ ಮನಿ ದಾರಿ ಮ್ಯಾಲ ಐತ್ರಿ. ಒಂದ ನಿಮಿಷ ನಿಲ್ಲಸ್ರಿ" ಎಂದು ಅಂಗಲಾಚಿದಳು.

ತಾರವ್ವನ ಅಂಗಳದಲ್ಲಿ ಅವಳ ಗಂಡ ಲಗಮಪ್ಪ ಸನಿಕೆ ಪಕ್ಕಕ್ಕಿಟ್ಟು ತಲೆಯ ಮೇಲೆ ಕೈಹೊತ್ತು ಕೂತಿದ್ದ. ತಾರವ್ವ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುತ್ತಿರಲಿಲ್ಲ. ಸಿದ್ಧಿಯನ್ನು ಕಂಡವಳೇ ಓಡಿ ಬಂದು ಕೈ ಹಿಡಿದಳು.

"ಬಾರವ್ವಾ! ಮುಂಜಾನಿಂದ ನಿನ್ನ ಕರ ಮೊಲಿಗೆ ಬಾಯಿ ಹಚ್ಚಲಿಲ್ಲ. ಮಧ್ಯಾನ ಕಾಲ ಚಾಚಿಬಿಡ್ತು. ಉಸರಿಲ್ಲ, ಏನಿಲ್ಲ. ಇವರು ಕುಣಿನೂ ತಗದ್ರು. ಎತ್ತಾಕ ಹೋದ್ರ, ಕಿವಿ ಝಾಡಿಸಿ ಎದ್ದ ನಿಂತ್ ಬಿಡ್ತು ನೋಡ!"

"ಯಾವಾಗ ಎದ್ದಿತು?"

"ಈಗ ಸ್ವಲ್ಪ ಹೊತ್ತಾತು. ಜಮಖಂಡಿ ಬಸ್ ಹ್ವಾತಲ್ಲ, ಅದರ ಹಿಂದ."

"ನಾಕೂ ನಲವತ್ತರದು ಅದು" ಎಂದ ಲಗಮಪ್ಪ ತಲೆ ಎತ್ತದೆ.

ಬೇವಿನ ಮರದಡಿ ಕೆಂಪು ಮಣ್ಣಿನ ಹೊಸ ಗುಂಡಿ ಬಾಯಿ ತೆರೆದುಕೊಂಡಿತ್ತು. ಅದರ ಅಂಚಿನಲ್ಲೇ ಕೆಂದು ಕರು ನಿಂತಿತ್ತು. ಸರ್ ಕೂತು ಅದರ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ಬಡಿದು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು. "ಹೊಟ್ಟಿ ಉಬ್ಬರಿಸಿತ್ತ ಕಾಣತೈತಿ. ಈಗೇನೂ ಇಲ್ಲ" ಎಂದರು. ಎಂದವರು ಎದ್ದು ಆ ಗುಂಡಿಯನ್ನು ಒಂದು ಸಲ ನೋಡಿದರು.

ಫಾರಂನಲ್ಲಿ ಫೋನ್ ನಂಬರುಗಳಿದ್ದವು. ಸಿದ್ಧಿ ಎರಡನೇ ಮನೆಗೆ ಫೋನು ಮಾಡಿದಳು. ಮಧ್ಯಾಹ್ನ ಮಲಗಿಬಿಟ್ಟಿತ್ತು, ಈಗ ಜಿಗಿದಾಡಾಕತ್ತೈತಿ, ನಿನಗ್ಯಾರ ಹೇಳಿದ್ರು ಎಂದು ಅವರು ಕೇಳಿದರು. ಮೂರನೇ ಮನೆಯ ಬಾಳೇಶನೂ ಅದನ್ನೇ ಹೇಳಿದ. ನಾಲ್ಕನೇ ಮನೆಗೆ ಮಾಡುವ ಧೈರ್ಯ ಬರಲಿಲ್ಲ. ಕರು ಬಂದು ಅವಳ ಏಪ್ರನ್ನಿನ ಅದೇ ಗುಂಡಿಯನ್ನು ಬಾಯಿಗೆ ಹಾಕಿಕೊಂಡಿತು. ಅವಳು ಅದರ ಕುತ್ತಿಗೆ ತಬ್ಬಿ ಬಿಕ್ಕಿ ಬಿಕ್ಕಿ ಅತ್ತಳು.

"ಛಲೋ ಹುಡುಗಿ" ಎಂದು ಸರ್ ಜೀಪಿನ ಬಾನೆಟ್ಟಿನ ಮೇಲೆ ಅವಳ ಕೌಶಲದ ಪುಸ್ತಕ ಬಿಡಿಸಿದರು, ಕಲಿತ ಕೆಲಸಕ್ಕೆಲ್ಲ ಸಹಿ ಬೀಳಬೇಕಾದದ್ದು. "ಹತ್ತನೇ ಮನಿ ಮಸ್ತ್ ಮಾಡೀದಿ. ಅಂಥಾ ಜಾಗಾಕ್ಕ ಒಬ್ಬಾಕಿ ಹೋಗಿ ಬಂದಿ ಅಂದ್ರ ಸಣ್ಣ ಮಾತಲ್ಲ. ಸಹಿ ಮಾಡತೇನಿ."

ಪೆನ್ನು ಕಾಗದಕ್ಕೆ ತಾಗುವುದರೊಳಗೆ ಸಿದ್ಧಿ ಎದ್ದು ಬಂದಳು. ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಸುಮ್ಮನಿರಲು ಅವಳಿಗೆ ಆಗಲಿಲ್ಲ.

"ಸರ್, ಆ ಮನಿಗೆ ನಾ ಹೋಗಿರಲಿಲ್ರಿ."

"ಅಂದ್ರ?"

"ಬಸ್ ಸ್ಟ್ಯಾಂಡಿನ್ಯಾಗ ಕುಂತ ಬರದೇನ್ರಿ. ಊರು, ಹೆಸರು, ಎಮ್ಮಿ, ಜ್ವರಾ ಎಲ್ಲಾ ನಾನ ಹುಟ್ಟಿಸಿದ್ದು."

"ಹುಚ್ಚ ಹಿಡದೈತೇನ ನಿನಗ? ಅಲ್ಲೆ ಮಜ್ಜಿಗಿ ಕುಡದ್ ಬಂದೇವಲ್ಲ ಈಗ!"

"ಯಲ್ಲವ್ವ ಅನ್ನೂದು ಶೇಂಗಾ ಮಾರಾಕಿ ಹೆಸರ್ರಿ. ಇವತ್ತಿಗೂ ಮೊದಲು ನಾ ಆ ದಾರಿ ಸುದ್ದಾ ನೋಡಿಲ್ರಿ ಸರ್. ಅಜ್ಜಿ ಆಣಿ."

ಸಂಧ್ಯಾ ಮೇಡಂ ಜೀಪಿಗೆ ಒರಗಿ ನಿಂತರು. ಸರ್ ಅವಳ ಮುಖ ನೋಡಿದರು. ಹುಡುಗಿ ಸುಳ್ಳು ಹೇಳುತ್ತಿಲ್ಲ ಎಂದು ತಿಳಿಯಲು ದನದ ಡಾಕ್ಟರೇ ಆಗಬೇಕಿಲ್ಲ. ಅವರ ಮುಖ ಗಡುಸಾಯಿತು. ಕೌಶಲದ ಪುಸ್ತಕದಲ್ಲಿ ಸಹಿಯ ಜಾಗದಲ್ಲಿ 'ಪರೀಕ್ಷೆಗೆ ಅರ್ಹಳಲ್ಲ' ಎಂದು ಬರೆದು ಅವಳ ಕೈಗೆ ಕೊಟ್ಟರು.

"ಆರು ತಿಂಗಳು ಹಿಂದ ಬೀಳ್ತಿ. ಗೊತ್ತಲ್ಲ?"

"ಹೂಂನ್ರಿ." ಪೇಡೆ ಹಂಚಿದ್ದ ಅಜ್ಜಿಯ ಮುಖ ನೆನಪಾಯಿತು. ಆದರೂ ಎದೆಯ ಮೇಲಿನ ಕಲ್ಲು ಇಳಿದಿತ್ತು.

"ಸುಳ್ಳ ಹಾಳಿ ಫೈಲ್‌ನ್ಯಾಗ ಇರಬಾರದು." ಸರ್ ಹತ್ತನೇ ಫಾರಂ ಎಳೆದು ಬಾನೆಟ್ಟಿನ ಮೇಲೆ ಹರಡಿದರು. ಕಟ್ಟುನಿಟ್ಟಿನ ನಿಯಮ ಅದು. ಸುಳ್ಳು ಹಾಳೆಗೆ ಈ ಮೂಲೆಯಿಂದ ಆ ಮೂಲೆಗೆ ಒಂದೇ ಉದ್ದ ಗೆರೆ. ಪೆನ್ನಿನ ಮೊನೆ ಎಡಗಡೆಯ ಮೇಲಿನ ಮೂಲೆಯಲ್ಲಿ, ಯಲ್ಲವ್ವ ಎಂಬ ಹೆಸರಿನ ಪಕ್ಕ ಊರಿತು.

ಸಿದ್ಧಿ ಅವರ ಕೈಯನ್ನೇ ಹಿಡಿದುಬಿಟ್ಟಳು. "ನನಗ ಏನ ಬೇಕಾದ್ದ ಮಾಡ್ರಿ ಸರ್. ಬೇಕಾದ್ರ ಕಾಲೇಜ ಬಿಡಸ್ರಿ. ಅದಕ್ಕ ಕಾಟು ಹೊಡಿಬ್ಯಾಡ್ರಿ."

"ನೀನ ಹೇಳ್ದಿ ಎಲ್ಲಾ ಸುಳ್ಳ ಅಂತ."

"ಬರದದ್ದ ಸುಳ್ಳ್ರಿ. ಆದ್ರ ಅಲ್ಲೆ ಈಗ ಮೂರ ಎಮ್ಮಿ ನಿಂತಾವ್ರಿ. ಒಂದ ಕರ ಐತಿ. ಯಲ್ಲವ್ವ ಅದಾಳ್ರಿ."

ಸರ್ ಅವಳ ಕೈ ಬಿಡಿಸಿಕೊಂಡರು. ಕಣ್ಣು ನೆಲಕ್ಕೆ ಹೋಯಿತು. ತಾರವ್ವನ ಅಂಗಳ ಒಣಗಿ ಬೂದಿಯಾಗಿತ್ತು. ಮಳೆ ಬಂದು ಐದು ತಿಂಗಳಾಗಿತ್ತು. ಅವರ ಬೂಟಿಗೆ ಮೆತ್ತಿದ ಕರಿ ಕೆಸರು ಇನ್ನೂ ಹಸಿಯಾಗಿಯೇ ಇತ್ತು. ಎಡಗಾಲಿನ ಬೂಟಿನ ತುದಿಯಲ್ಲಿ, ಕೆಸರಿನ ಜೊತೆ ಬಂದಿದ್ದ ಗುಲಗಂಜಿಯಷ್ಟು ಚಿಕ್ಕ ಬಸವನಹುಳವೊಂದು ಚಿಪ್ಪಿನಿಂದ ಕೋಡು ಚಾಚಿ, ದಾರಿ ಹುಡುಕುತ್ತಿತ್ತು.

ಸರ್ ಪೆನ್ನಿಗೆ ಟೋಪಿ ಹಾಕಿದರು. ಹುಳ ಬೂಟಿನಿಂದ ಇಳಿಯುವ ತನಕ ಕಾಲು ಅಲುಗಿಸದೆ ನಿಂತರು.